ಮಹಾಕಮರಿಯ ಅಂಚಿನ ದಾರಿ

ಅಮೆರಿಕಾ ಸಂಯುಕ್ತ ಸಂಸ್ಥಾನದ ಅರಿಜೋನಾ ಪ್ರಾಂತದಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಮರಿ ಉಂಟು. ಕೊಲೊರಾಡೋ ನದಿಯ ಹರಿವನ್ನು ಅನುಸರಿಸಿ ಅಳೆದರೆ ಅದರ ಉದ್ದ 277 ಮೈಲಿ. ಆಳ ಸುಮಾರು ಒಂದು ಮೈಲಿ. ಅಂಕಿಗಳನ್ನು ಓದಿದ ಮಾತ್ರಕ್ಕೆ ಇದು ಕಣ್ಣಿಗೆ ಕಟ್ಟುವುದಿಲ್ಲ. ಹೀಗೆ ಹೇಳೋಣ: ದಕ್ಷಿಣದ ಅಂಚಿನಲ್ಲಿ ನಿಂತವನಿಗೆ ಎದುರಿನ ಅಂಚು ಹತ್ತು ಮೈಲಿ ದೂರದಲ್ಲಿ ಕಾಣುತ್ತದೆ, ಮೋಟಾರಿನಲ್ಲಿ ಅಲ್ಲಿಗೆ ಹೋಗಬೇಕಾದರೆ ಸುತ್ತುಬಳಸಿ 215 ಮೈಲಿ ಸಾಗಬೇಕು.

ದಕ್ಷಿಣದ ಅಂಚಿನ ಗ್ರಾಮದಿಂದ ಪೂರ್ವಕ್ಕೆ 'ಡೆಸರ್ಟ್ ವ್ಯೂ' ಎಂಬಲ್ಲಿಗೆ ಒಂದು ರಸ್ತೆ ಹೋಗುತ್ತದೆ. ಸುಮಾರು 23 ಮೈಲಿ. ಬೋರಿಬಂದರಿನಿಂದ ಠಾಣೆಯವರೆಗಿನ ರೈಲುದಾರಿಗಿಂತ ತುಸು ಹೆಚ್ಚು. ಏಳು ಸಾವಿರ ಅಡಿ ಎತ್ತರದ ನೆಲವಾದ್ದರಿಂದ ಇಕ್ಕೆಲದಲ್ಲಿಯೂ ಪೈನ್ ಮರಗಳು. ಕಾಡಿನೊಳಗೆ ಹೋಗುತ್ತಿದ್ದೇವೆ ಎಂದುಕೊಳ್ಳುವಷ್ಟರಲ್ಲಿ ನೆಲವೇ ಮುಗಿದುಹೋಗುತ್ತದೆ. ಗ್ರ್ಯಾಂಡ್‌ವ್ಯೂ, ಮೊರಾನ್, ಲಿಪಾನ್, ನವಾಹೋ ಮೊದಲಾದ ನೋಟದ ತಾಣಗಳು ಈ ದಾರಿಯಲ್ಲಿವೆ. ಎಲ್ಲವನ್ನೂ ಓಡೋಡಿ ನೋಡುವುದಕ್ಕಿಂತ ಎರಡು ಕಡೆ ನಿಧಾನವಾಗಿ ನಿಲ್ಲುವುದೇ ಮೇಲು.

ನಿಂತು ನೋಡಬೇಕಾದದ್ದು ಕಲ್ಲಿನ ಪದರಗಳನ್ನು. ಕಚೇರಿಯಲ್ಲಿ ಕಡತಗಳನ್ನು ಒಂದರ ಮೇಲೊಂದು ಪೇರಿಸಿಟ್ಟಾಗ ಮೊದಲು ಇಟ್ಟದ್ದು ಅಡಿಯಲ್ಲಿರುವುದಷ್ಟೆ? ಇಲ್ಲಿಯೂ ಹಾಗೆಯೇ. ನಮ್ಮ ಕಾಲಡಿಯ ಸುಣ್ಣಕಲ್ಲು ಸುಮಾರು 27 ಕೋಟಿ ವರ್ಷದ್ದು. ನದಿಯ ಬಳಿಯ ಕಪ್ಪು ಶಿಲೆ 170 ಕೋಟಿ ವರ್ಷಗಳಷ್ಟು ಹಳೆಯದು. ಹಲವೆಡೆ ಈ ಕಪ್ಪು ಶಿಲೆಯ ಮೇಲೆ ನೇರವಾಗಿ ಕೂತಿರುವ ಮರಳುಗಲ್ಲು 50 ಕೋಟಿ ವರ್ಷಗಳ ಆಸುಪಾಸಿನದು. ನಡುವಣ ನೂರಿಪ್ಪತ್ತು ಕೋಟಿ ವರ್ಷಗಳ ಲೆಕ್ಕವೇ ಸಿಗದು. ಲೆಡ್ಜರಿನ ನಡುವಿನ ಹಾಳೆಗಳನ್ನು ಕಿತ್ತುಹಾಕಿದಂತೆ. ಪದರಗಳು ಕೂತು, ಮತ್ತೆ ಸವೆದು ಹೋದವು. ಆದರೆ ಲಿಪಾನ್ ತಾಣದಿಂದ ನೋಡಿದರೆ ಕಳೆದ ಹಾಳೆಗಳಲ್ಲಿ ಕೆಲವು, ವಾಲಿಕೊಂಡ ಪದರಗಳ ರೂಪದಲ್ಲಿ, ಉಳಿದಿರುವುದು ಕಾಣುತ್ತದೆ.

ಗೋಡೆ ಮೆಟ್ಟಿಲುಮೆಟ್ಟಿಲಾಗಿರುವುದೇಕೆ? ಸುಣ್ಣಕಲ್ಲು, ಮರಳುಗಲ್ಲು ಗಟ್ಟಿ; ಅವು ಕಡಿದಾದ ಗೋಡೆಯಾಗಿ ನಿಲ್ಲುತ್ತವೆ. ಜೇಡಿಗಲ್ಲು ಮೆದು, ಅದು ಇಳಿಜಾರಾಗಿ ಸವೆಯುತ್ತದೆ. ಮಳೆ ಕಡಮೆಯಾದ ನಾಡಾದ್ದರಿಂದ ಈ ಮೆಟ್ಟಿಲುಗಳ ಅಂಚು ಮೊಂಡಾಗಿಲ್ಲ. ಇನ್ನೊಂದು ವಿಶೇಷವೆಂದರೆ, ಇಡೀ ಪ್ರದೇಶ ದಕ್ಷಿಣಕ್ಕೆ ಬಾಗಿದೆ. ಉತ್ತರದ ಅಂಚಿನ ಮಳೆನೀರು ಕಮರಿಯೊಳಕ್ಕೆ ಹರಿದು ಆ ಬದಿಯನ್ನು ಕೊರೆಯುತ್ತದೆ; ದಕ್ಷಿಣದ ನೀರು ಕಮರಿಯಿಂದ ಆಚೆಗೆ ಹರಿಯುತ್ತದೆ. ಆದುದರಿಂದಲೇ ನದಿ ದಕ್ಷಿಣದ ಅಂಚಿಗೆ ಹತ್ತಿರ.

ತಳದ ಆ ಕಪ್ಪು ಶಿಲೆಯ ಹೆಸರು ಕೇಳಿದರೆ ನಮ್ಮವರಿಗೆ ಆಶ್ಚರ್ಯವಾದೀತು: ವಿಷ್ಣು ಶಿಲೆ! ಕಮರಿಯೊಳಗಿಂದ ಎದ್ದ ಶಿಖರಗಳಿಗೆ ವಿಷ್ಣು ದೇವಾಲಯ, ಶಿವ ದೇವಾಲಯ ಎಂಬ ಹೆಸರುಗಳುಂಟು. ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಅವರಿಗೆ ಅವು ಪೂರ್ವದೇಶದ ಗುಡಿಗಳಂತೆ ಕಂಡವು. 1882ರ ಅವರ ಗ್ರಂಥದಲ್ಲಿ ಈ ಹೆಸರುಗಳಿವೆ. ಅಲ್ಲಿ ಪೂಜೆಯಿಲ್ಲ, ಪ್ರಸಾದವಿಲ್ಲ, ಹೆಸರು ಮಾತ್ರ.

ಹಿಗ್ಗುವ ಮುನ್ನ ಇದನ್ನೂ ತಿಳಿಯಬೇಕು. ಅದು ಜನರಿಲ್ಲದ ನೆಲವಾಗಿರಲಿಲ್ಲ. ಹವಸುಪಾಯ್ ಎಂಬ ಮೂಲನಿವಾಸಿಗಳು ಬೇಸಗೆಯಲ್ಲಿ ಕಮರಿಯೊಳಗೆ ಬೆಳೆ ಬೆಳೆದು, ಚಳಿಗಾಲದಲ್ಲಿ ಮೇಲಿನ ಬಯಲಲ್ಲಿ ಬೇಟೆಯಾಡಿ ಬಾಳುತ್ತಿದ್ದರು. ಅದೇ 1882ರಲ್ಲಿ ಸರಕಾರ ಅವರ ಪಾಲಿಗೆ ಉಳಿಸಿದ್ದು 518 ಎಕರೆ. ಮೇಲಿನ ಬಯಲು ಕೈಬಿಟ್ಟಿತು. 1919ರಲ್ಲಿ ರಾಷ್ಟ್ರೀಯ ಉದ್ಯಾನ ಸ್ಥಾಪಿತವಾಯಿತು. ಬಿಡದೆ ಕೇಳಿಕೊಂಡು ಬಂದ ಅವರಿಗೆ 1,85,000 ಎಕರೆ ಮರಳಿದ್ದು 1975ರ ಶಾಸನದಿಂದ.

ದಾರಿಯ ಕೊನೆಯಲ್ಲಿ 70 ಅಡಿಯ ಕಲ್ಲಿನ ಗೋಪುರವಿದೆ. ಮೇರಿ ಕೋಲ್ಟರ್ ಎಂಬ ಮಹಿಳೆ ಮೂಲನಿವಾಸಿಗಳ ಹಳೆಯ ಗೋಪುರಗಳನ್ನು ಅಭ್ಯಸಿಸಿ ರೂಪಿಸಿದ ಇದು 1932ರಲ್ಲಿ ಪೂರ್ಣವಾಯಿತು. ಒಳಗೋಡೆಯ ಮೇಲೆ ಹೋಪಿ ಜನಾಂಗದ ಫ್ರೆಡ್ ಕಬೋಟಿ ಬರೆದ ಚಿತ್ರಗಳಿವೆ. ಮೇಲಿನ ಕಿಟಕಿಯಿಂದ ನದಿ ದಾರದೆಳೆಯಂತೆ ಕಾಣುತ್ತದೆ. ಕೊಲೊರಾಡೋ ಎಂದರೆ ಸ್ಪೇನಿನ ಮಾತಿನಲ್ಲಿ ಕೆಂಪು ಬಣ್ಣದ್ದು. 1963ರಲ್ಲಿ ಮೇಲುಗಡೆ ಗ್ಲೆನ್ ಕಣಿವೆಯ ಅಣೆಕಟ್ಟು ನೀರು ತಡೆದ ಬಳಿಕ ಕೆಂಪು ಮಣ್ಣೆಲ್ಲ ಅಲ್ಲಿಯೇ ನಿಲ್ಲುತ್ತದೆ. ಮಳೆಯಲ್ಲಿ ಉಪನದಿಗಳು ಕೆಸರು ತಂದಾಗ ಹೊರತು, ಕೆಳಗೆ ಹರಿಯುವುದು ಹೆಚ್ಚಾಗಿ ಹಸಿರು ನೀರು.