ಮೇಡಂ ಎದುರಿಗೆ ಗಂಡಸುತನದ ಪರೀಕ್ಷೆ

ಎಂ.ಎಸ್ಸಿ. ನರ್ಸಿಂಗ್ ಥೀಸಿಸ್‌ಗೆ ಸಕ್ಕರೆ ಕಾಯಿಲೆ ಬಗ್ಗೆ ಒಂದು ಪ್ರಶ್ನಾವಳಿ ಮಾಡಿ ಮುಗಿಸು ಅಂತ ಎಲ್ಲರೂ ಹೇಳಿದರು. ನಾನು ಕೇಳಲಿಲ್ಲ, ಕೇಳದೇ ಇದ್ದದ್ದೇ ಸರಿ ಅಂತ ಈಗಲೂ ಹೇಳುತ್ತೇನೆ. ಕೆಂಗೇರಿ ಸುತ್ತಮುತ್ತ ಯಾವ ನರ್ಸಿಂಗ್ ಕಾಲೇಜಿಗೆ ಹೋದರೂ ಈಗ ಹುಡುಗರು ಕಾಣುತ್ತಾರೆ. ಹೆಂಗಸರ ಕೆಲಸ ಅಂತ ಊರೆಲ್ಲ ಹೇಳುವ ಕೆಲಸಕ್ಕೆ ಬಂದ ಈ ಹುಡುಗರು, ಗಂಡಸು ಅಂದರೆ ಹೇಗಿರಬೇಕು ಅಂದುಕೊಂಡಿದ್ದಾರೆ? ಅದನ್ನು ತಿಳಿಯಬೇಕಿತ್ತು.

ಗಂಡು ಹೆಣ್ಣಿನ ಸಮಾನತೆ ಬಗ್ಗೆ ಗಂಡಸರ ಮನೋಭಾವ ಅಳೆಯಲು ಆರಿಸಿಕೊಂಡ ಟೂಲ್ ‘ಜೆಮ್ ಸ್ಕೇಲ್’. ಜೂಲಿ ಪುಲರ್‌ವಿಟ್ಜ್ ಮತ್ತು ಗ್ಯಾರಿ ಬಾರ್ಕರ್ ಬ್ರೆಜಿಲ್‌ನ ರಿಯೊ ಡಿ ಜನೈರೊದ ಗಂಡಸರ ನಡುವೆ ರೂಪಿಸಿ 2008ರಲ್ಲಿ ಪ್ರಕಟಿಸಿದ್ದು. ಒಟ್ಟು 24 ಹೇಳಿಕೆ. ಮಗುವಿನ ಆರೈಕೆ ಯಾರದು, ಹೆಂಡತಿಗೆ ಹೊಡೆಯಬಹುದೇ, ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳುವುದು ಯಾರ ಹೊಣೆ, ಇಂಥವು. ಒಪ್ಪುತ್ತೇನೆ, ಸ್ವಲ್ಪ ಒಪ್ಪುತ್ತೇನೆ, ಒಪ್ಪುವುದಿಲ್ಲ ಅಂತ ಟಿಕ್ ಹಾಕಬೇಕು. ಮುಂಬಯಿಯಲ್ಲಿ ‘ಯಾರಿ ದೋಸ್ತಿ’ ಕಾರ್ಯಕ್ರಮದ ಯುವಕರಿಗೆ ಇದನ್ನು ಒಗ್ಗಿಸಿ ಬಳಸಿದ್ದರು. ಅಲ್ಲಿ ನಡೆದದ್ದು ಇಲ್ಲೂ ನಡೆಯುತ್ತದೆ ಅಂತ ಧೈರ್ಯವಿತ್ತು.

ಅನುವಾದದ ಕಥೆ ಬೇಡ. ನಮ್ಮ ಭಾವ ಇಂಗ್ಲಿಷ್ ಲೆಕ್ಚರರ್. ಅವರು ಮಾಡಿಕೊಟ್ಟ ಕನ್ನಡ ತಹಸೀಲ್ದಾರರ ನೋಟೀಸಿನಂತಿತ್ತು. ಬದಲಾಯಿಸಿದ್ದಕ್ಕೆ ಹಬ್ಬಕ್ಕೂ ಮಾತಾಡಿಸಲಿಲ್ಲ. ಮೂಲ ನೋಡದ ಇನ್ನೊಬ್ಬರಿಂದ ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಹೋಲಿಸಿದೆ, ತಜ್ಞರಿಗೆ ಕಳಿಸಿದೆ. ಒಬ್ಬ ತಜ್ಞರು ಲೈಂಗಿಕತೆಯ ಹೇಳಿಕೆಗಳ ಮೇಲೆಲ್ಲ ಕೆಂಪು ಗೀಟು ಎಳೆದು ‘ನಮ್ಮ ಮಕ್ಕಳಿಗೆ ಇದೆಲ್ಲ ಬೇಡ’ ಅಂತ ಬರೆದರು. ಆ ಮಕ್ಕಳೇ ವಾರ್ಡಿನಲ್ಲಿ ಗಂಡಸರಿಗೆ ಕ್ಯಾಥೆಟರ್ ಹಾಕುತ್ತಾರೆ.

ಪೈಲಟ್ ದಿನ, ಅಂದರೆ ಹಾಳೆಯನ್ನು ಮೊದಲ ಸಲ ಪರೀಕ್ಷಿಸಿದ ದಿನ, ನಡೆದದ್ದನ್ನು ಮಾತ್ರ ಪೂರ್ತಿ ಹೇಳಲೇಬೇಕು. ಕಾಲೇಜಿನ ಹೆಸರು ಬೇಡ. ಎರಡನೇ ವರ್ಷದ ಹುಡುಗ ಹುಡುಗಿಯರು ಒಟ್ಟಿಗೆ ಕೂತಿದ್ದರು. ಹೆಸರು ಬರೆಯಬೇಡಿ, ಇಷ್ಟವಿಲ್ಲದಿದ್ದರೆ ಎದ್ದು ಹೋಗಬಹುದು ಅಂತ ನಾನು ಹೇಳಿ ಮುಗಿಸುವಷ್ಟರಲ್ಲಿ ಪ್ರಾಂಶುಪಾಲ ಮೇಡಂ ಒಳಗೆ ಬಂದರು. ‘ಯಾರೂ ಏಳಬಾರದು. ಮೇಲ್ಗಡೆ ರೋಲ್ ನಂಬರ್ ಹಾಕಿ. ಕಾಲೇಜಿನ ಮರ್ಯಾದೆ, ನೋಡ್ಕೊಂಡು ಬರೀರಿ’ ಅಂದರು. ರೋಲ್ ನಂಬರ್ ಬೇಡ ಮೇಡಂ ಅಂದೆ. ‘ಶಿಸ್ತು ನಂಗೊತ್ತಮ್ಮ’ ಅಂದರು. ಬೆಂಚುಗಳ ನಡುವೆ ಓಡಾಡುತ್ತಾ ಇಣುಕಿದರು. ಒಬ್ಬ ಹುಡುಗ ರಬ್ಬರಿಂದ ಟಿಕ್ ಉಜ್ಜಿ ಉಜ್ಜಿ ಹಾಳೆಯನ್ನೇ ಹರಿದುಕೊಂಡ.

ಹಾಳೆಗಳನ್ನೂ ಅವರೇ ಕಲೆಹಾಕಿದರು. ಒಂದು ಹಾಳೆ ನೋಡಿ ನಂಬರ್ ಕೂಗಿದರು. ಹುಡುಗ ಎದ್ದು ನಿಂತ. ‘ಹೆಂಡ್ತಿಗೆ ಹೊಡೀಬಹುದಾ? ನರ್ಸ್ ಆಗೋನು ನೀನು? ನಿಮ್ಮಪ್ಪನ್ನ ಕರೆಸ್ಲಾ?’ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಹುಡುಗನ ಕಿವಿ ಕೆಂಪಾಯಿತು. ‘ಮ್ಯಾಮ್, ತಪ್ಪಾಗಿ ಟಿಕ್ ಆಯ್ತು’ ಅಂದ. ಗುಟ್ಟಾಗಿರುತ್ತದೆ ಅಂತ ಅವನಿಗೆ ಮಾತು ಕೊಟ್ಟವಳು ನಾನು. ಮೇಡಂ ಕೈಯಿಂದ ಕಟ್ಟನ್ನು ಕಿತ್ತುಕೊಂಡೆ. ಈ ಉತ್ತರ ಒಂದನ್ನೂ ಬಳಸುವುದಿಲ್ಲ ಅಂತ ಅಲ್ಲೇ ಹೇಳಿದೆ. ‘ಇನ್ನೊಮ್ಮೆ ಪರ್ಮಿಷನ್ ಕೇಳ್ಕೊಂಡು ಬರ್ಬೇಡ’ ಅಂದರು. ಮೈಸೂರು ರಸ್ತೆಗೆ ಬರುವವರೆಗೂ ಕೈ ನಡುಗುತ್ತಿತ್ತು.

ನಮ್ಮ ಗೈಡ್‌ಗೂ ಸಿಟ್ಟು. ‘ಡೇಟಾ ಸಿಕ್ಕಿತ್ತಲ್ಲಮ್ಮ, ಆಲ್ಫಾ ಬಂದಿರೋದು’ ಅಂದರು. ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಅಂತ ಆಲ್ಫಾ ಹೇಳುತ್ತದೆ. ಉತ್ತರ ನಿಜವೋ ಸುಳ್ಳೋ ಅದಕ್ಕೆ ಗೊತ್ತಾಗುವುದಿಲ್ಲ. ಐಸಿಎಂಆರ್‌ನ 2017ರ ಸಂಶೋಧನಾ ನೈತಿಕತೆಯ ಮಾರ್ಗಸೂಚಿ ತೆಗೆದು ಗೋಪ್ಯತೆಯ ಭಾಗ ತೋರಿಸಿದೆ. ಓದಲಿಲ್ಲ.

ಬೇರೆ ಕಾಲೇಜು ಹಿಡಿದು, ಈ ಸಲ ಮೊದಲು ಒಬ್ಬೊಬ್ಬರನ್ನೇ ಕ್ಯಾಂಟೀನ್‌ನಲ್ಲಿ ಕೂರಿಸಿಕೊಂಡು, ಈ ಹೇಳಿಕೆ ಓದಿದಾಗ ಮನಸ್ಸಿಗೆ ಏನು ಬಂತು ಅಂತ ಕೇಳಿದೆ. ಮಂಡ್ಯ ಕಡೆಯ ಹುಡುಗನೊಬ್ಬ ಅಂದ: ‘ವಾರ್ಡಲ್ಲಿ ತಾತಂಗೆ ಮೈ ಒರೆಸ್ತೀನಿ, ಬೆಡ್‌ಪ್ಯಾನ್ ಕೊಡ್ತೀನಿ. ಮನೇಲಿ ತಟ್ಟೆ ತೊಳೆಯೋಕೆ ಹೋದ್ರೆ ಅಮ್ಮಾನೇ ಬೈತಾರೆ. ಯಾವ್ದಕ್ಕೆ ಟಿಕ್ ಹಾಕ್ಲಿ ಮ್ಯಾಮ್?’ ಆರೈಕೆ ಇವರಿಗೆ ಸಿಲಬಸ್. ಮಾರ್ಕ್ಸ್ ಬರುವ ಉತ್ತರ ಯಾವುದು ಅಂತ ಚೆನ್ನಾಗಿ ಗೊತ್ತು. ಇನ್ನೊಬ್ಬ, 2019ರಲ್ಲಿ ಏಮ್ಸ್ ನರ್ಸಿಂಗ್ ಹುದ್ದೆಗಳಲ್ಲಿ ಶೇ 80ರಷ್ಟು ಹೆಂಗಸರಿಗೆ ಅಂತ ತೀರ್ಮಾನವಾದದ್ದನ್ನು ಎತ್ತಿ, ‘ಅದರ ಪ್ರಶ್ನೆ ಇದರಲ್ಲಿ ಎಲ್ಲಿ?’ ಅಂದ. ಇರಲಿಲ್ಲ. ರಿಯೊದ ಹುಡುಗರಿಗೆ ಅದು ಬೇಕಿರಲಿಲ್ಲ.

ಈ ಕೆಲಸಕ್ಕೆ ಇಳಿಯುವವರಿಗೆ ಇಷ್ಟು ಹೇಳುತ್ತೇನೆ. ಸ್ಕೇಲ್ ಮಾಡಿದವರ ಅನುಮತಿ ಮೊದಲೇ ಕೇಳಿ. ಅಂಕಿ ಅಂಶಕ್ಕೆ ಮುಂಚೆ ವಿದ್ಯಾರ್ಥಿಗಳ ಜೊತೆ ಕೂತು ಮಾತಾಡಿ. ಮನೆಯ ಮಾತು, ವಾರ್ಡಿನ ಮಾತು ಬೇರೆ ಬೇರೆಯಾಗಿ ಕೇಳಿ. ಕೇರಳ, ಈಶಾನ್ಯದ ಮಕ್ಕಳಿಗೆ ಕನ್ನಡದ ಹಾಳೆ ಕೊಟ್ಟು ಟಿಕ್ ಹಾಕಿಸಬೇಡಿ. ಹಾಳೆ ಹಾಕಲು ಮುಚ್ಚಿದ ಡಬ್ಬ ಇಡಿ. ಉತ್ತರ ಬರೆಯುವಾಗ ಕಾಲೇಜಿನವರು ಕೋಣೆಯಲ್ಲಿ ಇರುವುದಿಲ್ಲ ಅಂತ ಅನುಮತಿ ಪತ್ರದಲ್ಲೇ ಬರೆಸಿ ಸಹಿ ಹಾಕಿಸಿಕೊಳ್ಳಿ, ಬಾಯಿಮಾತು ನಂಬಬೇಡಿ.

ನನ್ನ ಥೀಸಿಸ್ ತಡವಾಯಿತು, ಲೇಟ್ ಫೀ ಕಟ್ಟಿದೆ. ನ್ಯಾಯವಾಗಿ ಅದನ್ನು ಕಟ್ಟಬೇಕಾಗಿದ್ದವರು ಬೇರೆಯೇ ಇದ್ದರು.