ಜಾಲತಾಣದ ಹೆಸರಷ್ಟೇ ಸಾಲದು, ಮಗಳೇ

ನಿನ್ನ ಗಂಡನ ಮನೆಯವರ ವಂಶಾವಳಿ ಬರೆಯಲು ಇಂಗ್ಲೆಂಡಿನ ಹಳೆಯ ಜನಗಣತಿ ದಾಖಲೆಗಳನ್ನು ಹುಡುಕುತ್ತಿದ್ದೀಯ ಎಂದು ತಿಳಿದು ಹಿಗ್ಗಾಯಿತು, ಮಗಳೇ. ನಮ್ಮಲ್ಲಿ ಆ ಅನುಕೂಲವಿಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ, ಗಣತಿಯಲ್ಲಿ ಬರೆಸಿದ ಮನೆಮಂದಿಯ ವಿವರವನ್ನು ಬೇರೆಯವರು ನೋಡುವಂತಿಲ್ಲ. ಅಲ್ಲಿ ನೂರು ವರ್ಷ ಕಳೆದರೆ ತೆರೆದಿಡುತ್ತಾರೆ; 1921ರದ್ದೂ ಈಗ ಸಿಗುತ್ತದೆ.

ನೀನು ಕಳಿಸಿದ ಹಾಳೆಗಳಲ್ಲಿ ಪ್ರತಿ ಹೆಸರಿನ ಮುಂದೆ ಜಾಲತಾಣದ ಕೊಂಡಿಯೊಂದೇ ಇದೆ. ಅದನ್ನು ನಂಬಿ ಕೂರಬೇಡ. ನಾಳೆ ಅದು ತೆರೆಯದೆ ಹೋಗಬಹುದು; ಚಂದಾ ಕಟ್ಟದವರಿಗಂತೂ ಇವತ್ತೇ ತೆರೆಯುವುದಿಲ್ಲ. ಮೂಲ ಪುಸ್ತಕಗಳು ಇರುವುದು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ಅವರ ಸಂಖ್ಯೆಯನ್ನೇ ಬರೆದುಕೋ. 1881ರ ಗಣತಿಗೆ ಆರ್‌ಜಿ 11, ಆಮೇಲೆ ಪೀಸ್ ಸಂಖ್ಯೆ, ಫೋಲಿಯೊ, ಪುಟ. ಇಷ್ಟಿದ್ದರೆ ನಿನ್ನ ಮೊಮ್ಮಕ್ಕಳೂ ಅದೇ ಪುಟವನ್ನು ಹುಡುಕಿ ತೆಗೆದಾರು. ಫೋಲಿಯೊ ಸಂಖ್ಯೆಯನ್ನು ಹಾಳೆಯ ಮುಂಬದಿಯ ಮೇಲ್ಮೂಲೆಯಲ್ಲಿ ಮಾತ್ರ ಒತ್ತಿರುತ್ತಾರೆ. ನೀನು ನೋಡುತ್ತಿರುವ ಪುಟದಲ್ಲಿ ಅದು ಕಾಣದಿದ್ದರೆ ಒಂದು ಪುಟ ಹಿಂದಕ್ಕೆ ಹೋಗಿ ನೋಡು.

ಇದಕ್ಕಿಂತ ಮುಖ್ಯವಾದದ್ದು, ನೀನು ಕಣ್ಣಾರೆ ಕಂಡದ್ದು ಏನು ಎಂಬುದು. ಹಾಳೆಯ ಚಿತ್ರವೋ, ಯಾರೋ ಓದಿ ಟೈಪ್ ಮಾಡಿದ ಸೂಚಿಯೋ? ಸೂಚಿಯನ್ನಷ್ಟೇ ನೋಡಿದ್ದರೆ ಹಾಗೆಂದೇ ಬರೆ. ಹಳೆಯ ಕೈಬರಹ ಓದುವಾಗ ಹೆಸರೇ ಬೇರೆಯಾಗಿಬಿಡುತ್ತದೆ. ಚಿತ್ರವನ್ನೇ ನೋಡಿದರೂ, 1841ರಿಂದ 1901ರವರೆಗಿನದು ಗಣತಿದಾರ ಮನೆಮನೆಯ ನಮೂನೆಗಳಿಂದ ತನ್ನ ಪುಸ್ತಕಕ್ಕೆ ಇಳಿಸಿಕೊಂಡ ನಕಲು. ಮನೆಯ ಯಜಮಾನ ತಾನೇ ತುಂಬಿದ ನಮೂನೆ ಉಳಿದಿರುವುದು 1911ರಿಂದ ಈಚೆಗೆ. ಆ ಕೈಬರಹ ಕಂಡಾಗ ನಿನಗೂ ಮೈ ಜುಮ್ಮೆನ್ನುತ್ತದೆ, ನೋಡು.

ಬರೆದಿರುವುದು ಒಂದು, ನೀನು ಊಹಿಸಿದ್ದು ಇನ್ನೊಂದು, ಎರಡನ್ನೂ ಬೆರೆಸಬೇಡ. 1841ರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಲು ಹೇಳಿದ್ದರು. ಹಾಗಾಗಿ 30 ಎಂದಿದ್ದರೆ ಮೂವತ್ತನಾಲ್ಕೂ ಇದ್ದೀತು. ನಿನ್ನ ಹಾಳೆಯಲ್ಲಿ ಅಂಥವರೊಬ್ಬರ ಹುಟ್ಟಿದ ವರ್ಷವನ್ನು 1811 ಎಂದು ಖಚಿತವಾಗಿ ಹಾಕಿಬಿಟ್ಟಿದ್ದೀಯ. ಅದನ್ನು ತೆಗೆದು, ದಾಖಲೆಯಲ್ಲಿ ವಯಸ್ಸು 30 ಎಂದಿದೆ, ಹುಟ್ಟಿದ್ದು 1806ರಿಂದ 1811ರ ನಡುವೆ ಇರಬಹುದು ಎಂದು ತಿದ್ದು.

ನಿನ್ನ ಮಾವನವರ ತಾಯಿಯ ಕಡೆಯವರು ಸ್ಕಾಟ್ಲೆಂಡಿನವರು ಎಂದಿದ್ದೆಯಲ್ಲ, ಆ ದಾಖಲೆಗಳು ಕ್ಯೂನಲ್ಲಿಲ್ಲ, ಎಡಿನ್‌ಬರೋದಲ್ಲಿವೆ. ಸಂಖ್ಯೆಯ ಕ್ರಮವೂ ಬೇರೆ. ಅವನ್ನು ಪ್ರತ್ಯೇಕವಾಗಿ ಬರೆದಿಡು.