ಹಳೆಯ ನಡುಮನೆಯ ದುರಸ್ತಿ

ಚಿಂಚವಾಡದ ಗಾವಠಾಣದಂಥ ಕಡೆ ಹಳೆಯ ವಾಡೆಗಳ ಗೋಡೆ ಇಟ್ಟಿಗೆ, ಮಣ್ಣು, ಸುಣ್ಣಗಳದು. ಅದು ಮಳೆಗಾಲದಲ್ಲಿ ತೇವ ಹೀರಿ ಬೇಸಗೆಯಲ್ಲಿ ಬಿಡುತ್ತದೆ. ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿ ಗಿಲಾವು ಉದುರುತ್ತದೆ. ಸಂಬಳದ ದುಡ್ಡು ಮಣ್ಣುಪಾಲು.

ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಮಾಲೀಕರ ಒಪ್ಪಿಗೆ, ಬಳಿಕ ಛಾವಣಿಯ ಸೋರಿಕೆ. ಗೋಡೆ ಒಣಗಿದ ಮೇಲೆ ಸಡಿಲ ಗಿಲಾವು ಕೆರೆದು, ನೀರು ಚಿಮುಕಿಸಿ, 1 ಪಾಲು ಅರಳಿಸಿದ ಸುಣ್ಣಕ್ಕೆ 3 ಪಾಲು ಮರಳಿನ ಗಾರೆಯನ್ನು ತೆಳುವಾಗಿ ಎರಡು ಸಲ ಮೆತ್ತಬೇಕು. ಸುಣ್ಣ ಬಳಿದಾದ ಮೇಲೆಯೇ ನೆಲದ ಕೆಲಸ; ಇಲ್ಲವಾದರೆ ಹೊಸ ನೆಲ ಕೆಡುತ್ತದೆ.

ಸುಣ್ಣ ಕಣ್ಣಿಗೆ ಸಿಡಿಯದಂತೆ ಕನ್ನಡಕ ಧರಿಸಿರಿ. ಕಲ್ನಾರಿನ ತಗಡನ್ನು ಕೊರೆಯಕೂಡದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಗೋಡೆ ಬಿರಿದು ವಾಲಿದ್ದರೆ ತಾವೇ ಕೈಹಾಕದೆ ಗೌಂಡಿಯನ್ನು ಕರೆಯತಕ್ಕದ್ದು.